ಬಳಿಯುವ ಮೊದಲು ತೊಳೆ

ತಮ್ಮಾ, ನೀನು ಕೂರಿಸಿಕೊಟ್ಟ ಪಂಪಿನ ಕಂಟ್ರೋಲರುಗಳ ಬಗ್ಗೆ ತೋಟದವರು ಒಳ್ಳೆಯ ಮಾತನ್ನೇ ಆಡುತ್ತಾರೆ, ಮೇ ತಿಂಗಳವರೆಗೆ. ಜೂನ್ ಹಿಡಿದ ಮೇಲೆ ಮಾತು ಬೇರೆ. ಟ್ಯಾಂಕು ಖಾಲಿ ಇದ್ದರೂ ಫುಲ್ ಅಂತ ಲೈಟು ಉರಿಯುತ್ತದಂತೆ, ನಡುರಾತ್ರಿ ಮೋಟಾರು ತಾನಾಗಿ ಶುರುವಾಗುತ್ತದಂತೆ, ಎರಡು ದಿನ ಬಿಸಿಲು ಬಿದ್ದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಎಲ್ಲ ಸರಿ. ನೀನು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಕೂತಿದ್ದೀಯ ಅಂತ ನಿನ್ನಮ್ಮ ಹೇಳಿದಳು. ಲ್ಯಾಪ್‌ಟಾಪ್ ಮುಚ್ಚಿಡು ಮಾರಾಯ. ಬಿಸಿಲಿಗೆ ವಾಸಿಯಾಗುವ ಕಾಯಿಲೆ ಪ್ರೋಗ್ರಾಮಿನದ್ದಲ್ಲ, ಬೋರ್ಡಿನದ್ದು.

ರೇಡಿಯೋದಿಂದ ಹಿಡಿದು ಇನ್ವರ್ಟರಿನವರೆಗೆ ಈ ತೀರ್ಥಹಳ್ಳಿ ಸೀಮೆಯ ಮಳೆಯಲ್ಲೇ ರಿಪೇರಿ ಮಾಡಿಕೊಂಡು ಬಂದವನು ನಾನು. ಮಗ್ಗುಲ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಆಷಾಢದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಹರವಿದ ಬಟ್ಟೆಯೂ ಪೂರ್ತಿ ಒಣಗುವುದಿಲ್ಲ. ಇಂಥ ಕಡೆ ಬೋರ್ಡಿಗೆ ತೇವವೇ ತಾಗಬಾರದು ಅಂತ ಹಟ ಹಿಡಿದರೆ ಸೋಲು ಖಂಡಿತ. ತೇವ ಬಂದೇ ಬರುತ್ತದೆ. ಬಂದ ತೇವಕ್ಕೆ ಅಲ್ಲಿ ಮಾಡಲು ಕೆಲಸ ಸಿಗಬಾರದು, ಬಂದ ಹಾಗೇ ಹೋಗಲು ದಾರಿ ಇರಬೇಕು. ನೀನು ಮೊನ್ನೆ ಫೋನಿನಲ್ಲಿ ಹೇಳಿದ ವಾಟರ್‌ಪ್ರೂಫ್ ಬಾಕ್ಸು, ಕೋಟಿಂಗ್ ಸ್ಪ್ರೇ ಎಲ್ಲ ಬೇಕಾದದ್ದೇ. ಆದರೆ ಅವು ಮೊದಲ ಕೆಲಸವಲ್ಲ.

ಮೊದಲು ನೀರಿನ ಮೇಲಿನ ಅಪವಾದ ತೆಗೆಯೋಣ. ಬಟ್ಟಿ ಇಳಿಸಿದ ನೀರು ಕರೆಂಟನ್ನು ಅಷ್ಟು ಸುಲಭಕ್ಕೆ ಹರಿಸುವುದಿಲ್ಲ. ಬ್ಯಾಟರಿಗೆ ಹಾಕಲು ತಂದ ಡಿಸ್ಟಿಲ್ಡ್ ವಾಟರನ್ನು ಒಂದು ಲೋಟಕ್ಕೆ ಬಗ್ಗಿಸಿ ಮಲ್ಟಿಮೀಟರಿನ ಎರಡು ಪ್ರೋಬು ಅದ್ದಿ ಓಮ್ಸ್ ನೋಡು. ಆಮೇಲೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ನೋಡು, ಮುಳ್ಳು ಎಲ್ಲಿಂದೆಲ್ಲಿಗೆ ಹೋಗುತ್ತದೆ ಅಂತ. ಬೋರ್ಡಿನ ಮೇಲೆ ಆ ಉಪ್ಪನ್ನು ಉದುರಿಸುವವರು ನಾವೇ. ಬೆಸುಗೆ ಹಾಕಿದ ಮೇಲೆ ಉಳಿಯುವ ಫ್ಲಕ್ಸು, ಬರಿಗೈಯಲ್ಲಿ ಹಿಡಿದಾಗ ತಾಗುವ ಬೆವರು, ಪಂಪ್‌ಹೌಸಿನ ಧೂಳು, ಗೊಬ್ಬರದ ಪುಡಿ. ತೋಟದಲ್ಲಿ ಇನ್ನೊಂದು ಇದೆ, ಪೇಟೆಯಲ್ಲಿ ಕೂತು ಸರ್ಕ್ಯೂಟು ಮಾಡುವವರಿಗೆ ಗೊತ್ತಿಲ್ಲದ್ದು: ಬೋರ್ಡೋ ದ್ರಾವಣ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಮೈಸೂರು ಸರ್ಕಾರದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಬರೆದ ಕಾಲದಿಂದಲೂ ಅಡಿಕೆ ಉಳಿಸುವ ಮದ್ದು ಅದು. ಮಳೆ ಹಿಡಿಯುವ ಮೊದಲು ಔಷಧಿ ಹೊಡೆಯುವಾಗ ಅದರ ಹನಿ ಗಾಳಿಗೆ ತೇಲಿ ನಿನ್ನ ಬಾಕ್ಸಿನ ಮುಚ್ಚಳದ ಸಂದಿಯಲ್ಲಿ ಇಳಿದರೆ, ಬೋರ್ಡಿನ ಮೇಲೆ ತಾಮ್ರದ ಉಪ್ಪೇ ಕೂತಂತಾಯಿತು. ಘಟ್ಟದ ಕೆಳಗೆ ಕುಂದಾಪುರ, ಹೊನ್ನಾವರದ ಕಡೆ ಕೆಲಸ ಹಿಡಿದರೆ ಇಷ್ಟೆಲ್ಲ ಬೇಕಿಲ್ಲ, ಕಡಲ ಗಾಳಿಯೇ ಉಪ್ಪು ಹೊತ್ತು ತರುತ್ತದೆ.

ಹೋದ ಮಳೆಗಾಲದಲ್ಲಿ ಕೆಟ್ಟು ವಾಪಸು ಬಂದ ಬೋರ್ಡು ನಿನ್ನ ಹತ್ತಿರ ಇರಬೇಕಲ್ಲ, ಅದನ್ನು ಭೂತಗನ್ನಡಿಯ ಕೆಳಗೆ ಇಡು. ಸಪ್ಲೈ ಬರುವ ಕಡೆ ನೋಡು, 12 ವೋಲ್ಟಿನ ಪ್ಲಸ್ ಟ್ರ್ಯಾಕು, ಪಕ್ಕದಲ್ಲೇ ಗ್ರೌಂಡ್. ಪ್ಲಸ್ ಕಡೆ ತಾಮ್ರದ ಅಂಚು ತಿಂದುಹೋಗಿ ಹಸಿರು ಕಿಲುಬು ಕಟ್ಟಿರುತ್ತದೆ. ಕಿಲುಬು ಯಾವ ಕಡೆ ಜಾಸ್ತಿ ಇದೆ ಅಂತ ನೋಡಿಯೇ ಯಾವುದು ಪ್ಲಸ್ ಅಂತ ಹೇಳಬಹುದು. ಈಗ ಗ್ರೌಂಡ್ ಕಡೆಯ ಅಂಚನ್ನು ಓರೆ ಬೆಳಕಿನಲ್ಲಿ ನೋಡು. ಕೂದಲಿಗಿಂತ ತೆಳುವಾದ ಲೋಹದ ಕವಲುಗಳು, ಕವಲಿಗೊಂದು ಕವಲು ಒಡೆಯುತ್ತಾ ಪ್ಲಸ್ ಕಡೆಗೆ ಹೊರಟಿರುತ್ತವೆ. ತೇವದ ಪೊರೆಯಲ್ಲಿ ಪ್ಲಸ್ಸಿನ ಲೋಹ ಕರಗಿ, ವೋಲ್ಟೇಜಿನ ಸೆಳೆತಕ್ಕೆ ಗ್ರೌಂಡಿನತ್ತ ಸಾಗಿ, ಅಲ್ಲಿ ಮತ್ತೆ ಲೋಹವಾಗಿ ಕೂರುತ್ತದೆ. ತಾಮ್ರಕ್ಕೂ ಹೀಗಾಗುತ್ತದೆ, ಬೆಸುಗೆಯ ತವರಕ್ಕೂ ಸೀಸಕ್ಕೂ ಆಗುತ್ತದೆ, ಬೆಳ್ಳಿಗಂತೂ ಬಹಳ ಬೇಗ. ಕವಲಿನ ತುದಿ ಆಚೆ ದಡ ಮುಟ್ಟಿದಾಗ ಶಾರ್ಟು. ಅಷ್ಟು ಸಣ್ಣ ಎಳೆ ಆ ಕರೆಂಟನ್ನು ತಾಳದೆ ಸುಟ್ಟು ಹೋಗುತ್ತದೆ, ಬೋರ್ಡು ಸರಿಯಾಗಿಬಿಡುತ್ತದೆ, ಕವಲು ಮತ್ತೆ ಬೆಳೆಯಲು ಶುರು. ನೀನು ಬೈಕು ಹತ್ತಿ ತೋಟ ಮುಟ್ಟುವ ಹೊತ್ತಿಗೆ ಸಾಕ್ಷಿಯೇ ಇರುವುದಿಲ್ಲ.

ಇಷ್ಟಾಗಲು ತೇವ, ಕೊಳೆ, ವೋಲ್ಟೇಜು ಮೂರೂ ಒಟ್ಟಿಗೆ ಬೇಕು. ತೇವ ನಿನ್ನ ಕೈಯಲ್ಲಿಲ್ಲ. ಉಳಿದೆರಡು ಇವೆ. ಕರೆಂಟು ಇಲ್ಲದ ಹೊತ್ತಿನಲ್ಲಿ ನೆನೆದ ಬೋರ್ಡು ಒಣಗಿಸಿದರೆ ಎಷ್ಟೋ ಸಲ ಬದುಕುತ್ತದೆ. ನೆನೆದದ್ದನ್ನು "ನೋಡೋಣ, ಒಂದ್ಸಲ ಆನ್ ಮಾಡಿ" ಅಂದವರೇ ಅದನ್ನು ಕೊಲ್ಲುವುದು.

ಟ್ಯಾಂಕಿನ ಫುಲ್ ಲೈಟಿನ ಕತೆ ಬೇರೆ. ಅಲ್ಲಿ ಕಿಲುಬೂ ಬೇಕಿಲ್ಲ, ಕವಲೂ ಬೇಕಿಲ್ಲ. ನಿನ್ನ ಸರ್ಕ್ಯೂಟು ನೋಡಿದೆ, ಲೆವೆಲ್ ಪ್ರೋಬಿನ ಇನ್‌ಪುಟ್ಟಿಗೆ 1 ಮೆಗಾಓಮ್ ಹಾಕಿದ್ದೀಯ. 5 ವೋಲ್ಟಿಗೆ ಅದರಲ್ಲಿ ಹರಿಯುವುದೇ 5 ಮೈಕ್ರೋ ಆಂಪಿಯರ್. ಎರಡು ಟ್ರ್ಯಾಕುಗಳ ನಡುವೆ ಫ್ಲಕ್ಸು ಹೀರಿಕೊಂಡ ತೇವದ ಪೊರೆ ಅಷ್ಟು ಕರೆಂಟನ್ನು ಆರಾಮವಾಗಿ ಸೋರಿಸುತ್ತದೆ. ಬೋರ್ಡಿನ ಲೆಕ್ಕದಲ್ಲಿ ಪ್ರೋಬಿಗೆ ನೀರು ತಾಗಿತು, ಟ್ಯಾಂಕು ತುಂಬಿತು. ಟ್ಯಾಂಕಿನ ನೀರು ಯಾವುದು, ಬೋರ್ಡಿನ ಮೇಲಿನ ನೀರು ಯಾವುದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಆ ರೆಸಿಸ್ಟರನ್ನು 47 ಕಿಲೋಓಮಿಗೆ ಇಳಿಸು, ಸೋರಿಕೆಯ ಆಟ ಬಹುಪಾಲು ನಿಲ್ಲುತ್ತದೆ. ಬಾವಿ ನೀರಿಗೆ ಆ ಬೆಲೆ ಸಾಮಾನ್ಯವಾಗಿ ಸಾಕು. ಇಲ್ಲಿನ ಮಳೆನೀರಿನ ಟ್ಯಾಂಕಾದರೆ ಉಪ್ಪಿನಂಶ ಕಡಿಮೆ, ಸ್ಥಳದಲ್ಲೇ ಅಳೆದು ನೋಡು. ಮುಂದಿನ ಸಲ ಬೋರ್ಡು ಮಾಡಿಸುವಾಗ ಆ ಇನ್‌ಪುಟ್ಟನ್ನು ಸಪ್ಲೈ ಟ್ರ್ಯಾಕಿನಿಂದ ದೂರ ಎಳೆ. ಸಾಧ್ಯವಾದರೆ ನಡುವೆ ಬೋರ್ಡಿನಲ್ಲೇ ಉದ್ದಕ್ಕೊಂದು ಸೀಳು ಹಾಕಿಸು. ಗಾಳಿಯ ಮೇಲೆ ತೇವದ ಪೊರೆ ಕೂರುವುದಿಲ್ಲ. ಹಾಗೇ, ಪ್ರೋಬಿಗೆ ದಿನವಿಡೀ ಡಿಸಿ ಕೊಟ್ಟು ಇಡಬೇಡ. ಓದುವ ಕ್ಷಣಕ್ಕೆ ಮಾತ್ರ ಕೊಟ್ಟು ತೆಗೆ. ಮಣ್ಣಿನ ತೇವ ಅಳೆಯುವ ಎರಡು ಕಡ್ಡಿಯ ಸೆನ್ಸರು ಒಂದೇ ಹಂಗಾಮಿನಲ್ಲಿ ಕರಗಿ ಹೋಗುವುದು ಇದರಿಂದಲೇ. ಕೆಪಾಸಿಟಿವ್ ಅಂತ ಮಾರುವ ಚಪ್ಪಟೆ ಸೆನ್ಸರಿನ ಮೈಗೆ ಹಸಿರೋ ಕಪ್ಪೋ ಬಣ್ಣ ಇರುತ್ತದೆ, ಆದರೆ ಕತ್ತರಿಸಿದ ಅಂಚುಗಳು ಬರಿದಾಗಿಯೇ ಇರುತ್ತವೆ. ನೀರು ಆ ಅಂಚಿನಿಂದ ಫೈಬರ್ ಒಳಗೆ ಏರುತ್ತದೆ. ಹೂಳುವ ಮೊದಲು ಅಂಚಿಗೆ ಎಪಾಕ್ಸಿ ಸವರು.

ಈಗ ತೊಳೆಯುವುದು. ಬೇಕಾದದ್ದು ಐಪಿಎ, ಅಂದರೆ ಐಸೋಪ್ರೊಪೈಲ್ ಆಲ್ಕೋಹಾಲ್, 99 ಪರ್ಸೆಂಟಿನದು. ಮೆಡಿಕಲ್ ಶಾಪಿನ 70 ಪರ್ಸೆಂಟಿನದರಲ್ಲಿ ಉಳಿದದ್ದು ನೀರು, ಅದು ಬೇಡ. ಜೊತೆಗೆ ಒಂದು ಹಳೇ ಟೂತ್‌ಬ್ರಷ್, ದಾರ ಬಿಡದ ಬಟ್ಟೆ. ಬೋರ್ಡನ್ನು ಓರೆಯಾಗಿ ಹಿಡಿದು, ಮೇಲಿಂದ ಕೆಳಗೆ ಉಜ್ಜಿ, ಕೊಳೆ ಕರಗಿದ ಐಪಿಎ ಅಂಚಿನಿಂದ ಹರಿದು ಬೀಳುವ ಹಾಗೆ ಮಾಡು. ಮತ್ತೆ ಹೊಸ ಐಪಿಎ ಹಾಕಿ ಇನ್ನೊಮ್ಮೆ. ಮಲಗಿಸಿಟ್ಟು ಉಜ್ಜಿ ಹಾಗೇ ಒಣಗಲು ಬಿಟ್ಟರೆ ಒಂದು ಮೂಲೆಯಲ್ಲಿದ್ದ ಫ್ಲಕ್ಸನ್ನು ಇಡೀ ಬೋರ್ಡಿಗೆ ಹಂಚಿದಂತಾಗುತ್ತದೆ. ಒಣಗಿದ ಮೇಲೆ ಬಿಳಿ ಪೊರೆ ಕಂಡರೆ ತೊಳೆದದ್ದು ಸಾಲದು ಅಂತಲೇ ಅರ್ಥ. 'ನೋ ಕ್ಲೀನ್' ಫ್ಲಕ್ಸು, ತೊಳೆಯುವುದೇ ಬೇಡ ಅಂತ ನೀನು ವಾದ ಮಾಡುತ್ತೀಯ, ಗೊತ್ತು. ಎಸಿ ರೂಮಿನ ಕಂಪ್ಯೂಟರಿಗೆ ಆ ಮಾತು ಸರಿ. ಅಡಿಕೆ ತೋಟದ ಬಾಕ್ಸಿಗೆ ತೊಳೆ. ಪಾತ್ರೆ ಬೆಸೆಯುವ ಆಸಿಡ್ ಫ್ಲಕ್ಸನ್ನಂತೂ ಬೋರ್ಡಿನ ಹತ್ತಿರ ತರಲೇಬೇಡ. ಐಪಿಎ ಹತ್ತಿಕೊಂಡು ಉರಿಯುವ ವಸ್ತು, ಪಕ್ಕದಲ್ಲಿ ಬಿಸಿ ಐರನ್ ಇಟ್ಟುಕೊಂಡು ಕೂರಬೇಡ. ತೊಳೆದ ಮೇಲೆ ಬೋರ್ಡನ್ನು ಅಂಚಿನಲ್ಲೇ ಹಿಡಿ.

ತೊಳೆದ ಕೂಡಲೇ ಸ್ಪ್ರೇ ಡಬ್ಬಿಗೆ ಕೈ ಹಾಕುವುದು ಇನ್ನೊಂದು ಅವಸರ. ಬೋರ್ಡಿನ ಫೈಬರ್ ಕೂಡ ತೇವ ಹೀರಿಕೊಂಡಿರುತ್ತದೆ. ಅರೆ ಒಣಗಿದ ಹಪ್ಪಳವನ್ನು ಡಬ್ಬಿಗೆ ತುಂಬಿ ಮುಚ್ಚಳ ಬಿಗಿದರೆ ಏನಾಗುತ್ತದೋ ಇಲ್ಲಿಯೂ ಅದೇ. ಮೋಟಾರು ರಿವೈಂಡಿಂಗ್ ಅಂಗಡಿಗೆ ಹೋಗಿ ನೋಡು. ಕೆಲಸ ಬಲ್ಲವನು ಕಾಯಿಲನ್ನು ಮೊದಲು ಬಿಸಿಯಲ್ಲಿಟ್ಟು ತೇವ ಓಡಿಸುತ್ತಾನೆ, ಬಿಸಿ ಇರುವಾಗಲೇ ವಾರ್ನಿಷ್ ಕುಡಿಸುತ್ತಾನೆ, ಮತ್ತೆ ಬಿಸಿಯಲ್ಲಿಡುತ್ತಾನೆ. ನಿನಗೆ ಅಷ್ಟು ದೊಡ್ಡ ಓವನ್ ಬೇಡ. ಹಳೇ ತಗಡಿನ ಪೆಟ್ಟಿಗೆಯಲ್ಲಿ 60 ವ್ಯಾಟಿನ ಬಲ್ಬು ಉರಿಸಿ, ಒಳಗೆ ಥರ್ಮಾಮೀಟರ್ ಇಟ್ಟು, 60 ಡಿಗ್ರಿ ಆಸುಪಾಸು ನೋಡಿಕೊಂಡು ಕೆಲವು ತಾಸು ಇಡು. ಮೇಲೊಂದು ತೂತು ಇರಲಿ, ಹೊರಟ ತೇವ ಹೋಗಲು.

ಕೋಟಿಂಗ್ ಅಂದರೆ ಹಲವು ಜಾತಿ. ಅಕ್ರಿಲಿಕ್, ಸಿಲಿಕೋನ್, ಪಾಲಿಯುರಿಥೇನ್, ಎಪಾಕ್ಸಿ, ಇವು ಅಂಗಡಿಯಲ್ಲಿ ಸಿಗುವಂಥವು. ಪ್ಯಾರಿಲಿನ್ ಅಂತ ಇನ್ನೊಂದಿದೆ. 1947ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೈಕೆಲ್ ಶ್ವಾರ್ಟ್ಸ್ ಎಂಬ ವಿಜ್ಞಾನಿ ಕಂಡದ್ದು, ನಿರ್ವಾತದಲ್ಲಿ ಆವಿಯಾಗಿ ಬಂದು ಪ್ರತಿಯೊಂದು ಸಂದಿಯಲ್ಲೂ ಕೂರುವಂಥದ್ದು. ಹೃದಯದ ಪೇಸ್‌ಮೇಕರಿಗೆ, ಉಪಗ್ರಹಕ್ಕೆ ಅದು, ನಮ್ಮ ಪಂಪಿಗಲ್ಲ. ನಿನಗೆ ನಾನು ಹೇಳುವುದು ಅಕ್ರಿಲಿಕ್. ಕಾರಣ ಒಂದೇ, ರಿಪೇರಿ. ಥಿನ್ನರ್ ಸವರಿದರೆ ಕರಗುತ್ತದೆ, ಮೇಲಿಂದಲೇ ಐರನ್ ಇಟ್ಟು ಬಿಡಿಭಾಗ ಬದಲಿಸಬಹುದು, ಮತ್ತೆ ಒಂದು ಸ್ಪ್ರೇ ಹೊಡೆದರೆ ಆಯಿತು. ಸಿಲಿಕೋನ್ ಬಿಸಿಯನ್ನೂ ಅದುರುವುದನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ, ಎಂಜಿನ್ ಪಕ್ಕ ಕೂರುವ ಬೋರ್ಡಾದರೆ ಅದೇ ಸರಿ. ಆದರೆ ಒಮ್ಮೆ ಹಾಕಿದ ಮೇಲೆ ಅದರ ಮೈಗೆ ಬೇರೇನೂ ಅಂಟುವುದಿಲ್ಲ. ಪಾಲಿಯುರಿಥೇನ್ ಪೆಟ್ರೋಲು, ರಾಸಾಯನಿಕಗಳಿಗೆ ಗಟ್ಟಿ, ತೆಗೆಯುವುದು ತಲೆನೋವು. ಎಪಾಕ್ಸಿಯಲ್ಲಿ ಮುಳುಗಿಸಿಟ್ಟರೆ, ಬೈಕಿನ ಸಿಡಿಐ ಥರ ಕಪ್ಪು ಇಟ್ಟಿಗೆಯಾಗುತ್ತದೆ, ಕೆಟ್ಟರೆ ಎಸೆಯುವುದೇ. ತೋಟದವರು ಎಸೆಯಲು ದುಡ್ಡು ಕೊಟ್ಟವರಲ್ಲ.

ಒಂದೇ ಸಲಕ್ಕೆ ದಪ್ಪಗೆ ಹೊಡೆಯಬೇಡ. ಒಂದು ಗೇಣು ದೂರದಿಂದ ತೆಳುವಾಗಿ ಒಂದು ಕೈ, ಒಣಗಿದ ಮೇಲೆ ಬೋರ್ಡು ತಿರುಗಿಸಿ ಇನ್ನೊಂದು ದಿಕ್ಕಿನಿಂದ ಇನ್ನೊಂದು ಕೈ. ಎಲ್ಲ ಸೇರಿ ಕಾಲು ಮಿಲಿಮೀಟರಿನಷ್ಟೂ ಆಗಬಾರದು. ದಪ್ಪ ಪದರ ಒಣಗುವಾಗ ಗುಳ್ಳೆ ಏಳುತ್ತದೆ, ಬಿರುಕು ಬಿಡುತ್ತದೆ. ಐಸಿಯ ಲೆಗ್ಗುಗಳ ಚೂಪು ಅಂಚಿನಿಂದ ಕೋಟಿಂಗ್ ಜಾರಿ ತೆಳುವಾಗುವುದು ಸಹಜ, ಅಲ್ಲಿ ಸಣ್ಣ ಬ್ರಷ್ಷಿನಿಂದ ಇನ್ನೊಮ್ಮೆ ಸವರು. ಒಳ್ಳೆಯ ಕೋಟಿಂಗಿನಲ್ಲಿ ಯುವಿ ಬೆಳಕಿಗೆ ನೀಲಿ ಹೊಳೆಯುವ ಪುಡಿ ಬೆರೆಸಿರುತ್ತಾರೆ. ನೋಟು ಪರೀಕ್ಷಿಸುವ ಟಾರ್ಚು ಹಿಡಿದು ಕತ್ತಲಲ್ಲಿ ನೋಡಿದರೆ ಎಲ್ಲಿ ಬಿಟ್ಟುಹೋಗಿದೆ ಅಂತ ತಕ್ಷಣ ಕಾಣುತ್ತದೆ.

ಎಲ್ಲಿ ತಾಗಬಾರದು ಅನ್ನುವುದೂ ಅಷ್ಟೇ ಮುಖ್ಯ. ಕನೆಕ್ಟರಿನ ಬಾಯಿ, ಸಿಮ್ ಕಾರ್ಡಿನ ಸ್ಲಾಟು, ಪ್ರಿಸೆಟ್ಟು, ಸ್ವಿಚ್ಚು, ಸೀಲ್ ಆಗದ ರಿಲೇ, ಇವುಗಳ ಮೇಲೆ ಮೊದಲೇ ಟೇಪು ಅಂಟಿಸು. ಗಾಳಿಯ ತೇವ ಅಳೆಯುವ ಸೆನ್ಸರಿನ ತೂತನ್ನು ಮುಚ್ಚಿಬಿಟ್ಟರೆ ಅದು ಮುಂದೆ ಏನನ್ನೂ ಅಳೆಯುವುದಿಲ್ಲ. ಕೋಟಿಂಗ್ ಹೊಡೆದ ಮೇಲೆ ಕಂಟ್ರೋಲರ್ ಪೂರ್ತಿ ಸತ್ತಿತು ಅನ್ನುವ ಎಷ್ಟೋ ದೂರು ಇಂಥದ್ದೇ. ಕೋಟಿಂಗ್ ಅಂದರೆ ವಾಟರ್‌ಪ್ರೂಫ್ ಅಂತಲೂ ತಿಳಿಯಬೇಡ. ಆವಿ ಅದರೊಳಗೂ ನಿಧಾನಕ್ಕೆ ದಾಟುತ್ತದೆ. ಕೆಳಗೆ ಬೋರ್ಡು ಚೊಕ್ಕಟವಾಗಿದ್ದರೆ ದಾಟಿದ ಆವಿ ಏನೂ ಮಾಡದೆ ವಾಪಸು ಹೋಗುತ್ತದೆ. ಫ್ಲಕ್ಸೋ ಉಪ್ಪೋ ಉಳಿದಿದ್ದರೆ ಅಲ್ಲೇ ನೀರು ಸೆಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ತೊಳೆ, ತೊಳೆ ಅಂತ ನಾನು ಬಾಯಿ ಬಡಿದುಕೊಳ್ಳುವುದು ಅದಕ್ಕೆ.

ಬಾಕ್ಸಿನ ವಿಷಯದಲ್ಲಿ ನಿನಗೆ ಐಪಿ 67 ಅನ್ನುವ ಅಂಕಿಯ ಮೇಲೆ ಬಹಳ ನಂಬಿಕೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. 7 ಅಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ಇಟ್ಟರೂ ಒಳಗೆ ಕೆಡುಕಾಗುವಷ್ಟು ನೀರು ಹೋಗಬಾರದು. ಆದರೆ ನೀನು ವೈರಿನ ಗ್ಲ್ಯಾಂಡಿಗೆ ತೂತು ಕೊರೆದ ದಿನವೇ ಆ ಪರೀಕ್ಷೆಯ ಮಾತು ಮುಗಿಯಿತು. ಅದೂ ಅಲ್ಲದೆ ಬಾಕ್ಸು ಉಸಿರಾಡುತ್ತದೆ. ಮಧ್ಯಾಹ್ನ ಬಿಸಿಲಿಗೆ ಒಳಗಿನ ಗಾಳಿ 45 ಡಿಗ್ರಿಗೆ ಏರಿರುತ್ತದೆ ಅಂತಿಟ್ಟುಕೋ. ಹಠಾತ್ತನೆ ಮಳೆ ಹೊಡೆದು 24ಕ್ಕೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಸುಮಾರು ಹದಿನೈದರಲ್ಲಿ ಒಂದು ಪಾಲು ಗಾಳಿಯನ್ನು ಹೊರಗಿನಿಂದ ಎಳೆದುಕೊಳ್ಳಲು ನೋಡುತ್ತದೆ. ಎಳೆಯುವುದು ಎಲ್ಲಿಂದ? ಮಳೆನೀರು ನಿಂತ ಮುಚ್ಚಳದ ಸಂದಿನಿಂದ. ಹೋದ ನೀರು ವಾಪಸು ಬರುವುದಿಲ್ಲ. ಬಿಗಿಯಾದಷ್ಟೂ ಒಳ್ಳೆಯದು ಅಂತ ಸಿಲಿಕೋನ್ ಮೆತ್ತಿದ ಬಾಕ್ಸುಗಳ ತಳದಲ್ಲೇ ಬೆರಳು ಮುಳುಗುವಷ್ಟು ನೀರು ನಿಂತಿರುವುದು ಇದಕ್ಕೇ. ಅಡಿಯಲ್ಲಿ ಸಣ್ಣದೊಂದು ತೂತು ಇಡು. ಇರುವೆ ಹೋಗದಂತೆ ಒಳಗಿನಿಂದ ಸ್ಟೀಲ್ ಜಾಲರಿ ಅಂಟಿಸು. ಇಲ್ಲದಿದ್ದರೆ ಬೆಚ್ಚಗಿನ ಜಾಗ ಅಂತ ಇರುವೆಗಳು ಮೊಟ್ಟೆ ಸಮೇತ ಬಂದು ಸಂಸಾರ ಹೂಡುತ್ತವೆ, ಹಿಂದೆಯೇ ಹಲ್ಲಿ ಬರುತ್ತದೆ. ಇನ್ನೂ ಚೆನ್ನಾಗಿ ಆಗಬೇಕೆಂದರೆ ಗಾಳಿ ಬಿಟ್ಟು ನೀರು ತಡೆಯುವ ಪೊರೆ ಇರುವ ವೆಂಟ್ ಪ್ಲಗ್ ಸಿಗುತ್ತದೆ.

ವೈರೆಲ್ಲ ಅಡಿಯಿಂದಲೇ ಒಳಗೆ ಹೋಗಲಿ. ಗ್ಲ್ಯಾಂಡಿಗೆ ಬರುವ ಮೊದಲು ವೈರನ್ನು ಕೆಳಕ್ಕೆ ಜೋತುಬಿಟ್ಟು ಮತ್ತೆ ಮೇಲೆ ತಂದರೆ ಹನಿ ಆ ಬಾಗಿನಿಂದಲೇ ತೊಟ್ಟಿಕ್ಕುತ್ತದೆ. ಕಣ್ಣಿಗೆ ಕಾಣದ ಇನ್ನೊಂದು ದಾರಿ ಇದೆ: ವೈರಿನ ಒಳಗೆ. ಎಳೆ ಎಳೆಯಾದ ತಾಮ್ರದ ತಂತಿ, ಮೇಲೆ ಪಿವಿಸಿ ತೋಳು. ಟ್ಯಾಂಕಿನ ಕಡೆಯ ಜಾಯಿಂಟಿನಲ್ಲಿ ನೀರು ಸೇರಿಕೊಂಡರೆ ಆ ಎಳೆಗಳ ನಡುವೆಯೇ ಹರಿದು ನಿನ್ನ ಬೋರ್ಡಿನ ಕನೆಕ್ಟರಿಗೇ ಬಂದು ಇಳಿಯುತ್ತದೆ. ಗ್ಲ್ಯಾಂಡು ಎಷ್ಟು ಬಿಗಿದರೂ ಅದು ನಿಲ್ಲದು. ಬಾಕ್ಸಿನ ಒಳಗೆ ಒಂದು ಕಡೆ ತೋಳು ಸುಲಿದು, ಎಳೆಗಳನ್ನೆಲ್ಲ ಬೆಸುಗೆಯಿಂದ ತುಂಬಿ, ಮೇಲೆ ಅಂಟು ಇರುವ ಹೀಟ್‌ಶ್ರಿಂಕ್ ಹಾಕಿದರೆ ದಾರಿ ಕಟ್ಟಾಗುತ್ತದೆ. ಬೋರ್ಡನ್ನೂ ಮಲಗಿಸಬೇಡ, ನಿಲ್ಲಿಸು, ಕನೆಕ್ಟರು ಕೆಳಮುಖವಾಗಿರಲಿ.

ಹಳೇ ವಾಲ್ವ್ ರೇಡಿಯೋ ಕಾಲದವರು ಮಳೆಗಾಲದಲ್ಲಿ ದಿನಕ್ಕೊಂದು ಹೊತ್ತಾದರೂ ರೇಡಿಯೋ ಹಾಕುತ್ತಿದ್ದರು, ವಾರ್ತೆ ಕೇಳಲು ಮಾತ್ರವಲ್ಲ. ವಾಲ್ವಿನ ಬಿಸಿಗೆ ಒಳಗಿನ ತೇವ ಹೋಗುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಬರ್ಮಾ, ನ್ಯೂಗಿನಿಯ ಕಾಡಿಗೆ ಹೋದ ಸೈನ್ಯದ ರೇಡಿಯೋಗಳು ತೇವಕ್ಕೂ ಬೂಷ್ಟಿಗೂ ಕೆಟ್ಟು ಕೂತಾಗ ಅಮೆರಿಕದವರು ಬೂಷ್ಟು ಕೊಲ್ಲುವ ಮದ್ದು ಬೆರೆಸಿದ ವಾರ್ನಿಷ್ ಹೊಡೆದು, ಎಂಎಫ್‌ಪಿ ಅಂತ ಮುದ್ರೆ ಒತ್ತಿ ಕಳಿಸತೊಡಗಿದರು. ನಿನ್ನ ಕೋಟಿಂಗಿನ ಅಜ್ಜ ಅದು. ಬಿಸಿಯ ಉಪಾಯ ಈಗಲೂ ಅಗ್ಗ. 25 ಡಿಗ್ರಿಯಲ್ಲಿ 95 ಪರ್ಸೆಂಟ್ ತೇವ ಇರುವ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿದರೆ ತೇವ ಸುಮಾರು 71 ಪರ್ಸೆಂಟಿಗೆ ಇಳಿಯುತ್ತದೆ. ಬೋರ್ಡಿನ ಅಡಿಯಲ್ಲಿ ಒಂದೆರಡು ವ್ಯಾಟ್ ಉರಿಯುವ ರೆಸಿಸ್ಟರು ಇಟ್ಟರೆ ಸಣ್ಣ ಬಾಕ್ಸಿಗೆ ಅಷ್ಟು ಸಾಕು. ಲೈನ್ ಕರೆಂಟಿದ್ದ ಕಡೆ ಮಾತ್ರ ಇದು. ಸೋಲಾರ್ ಬ್ಯಾಟರಿಯ ಬಾಕ್ಸಿಗೆ ಆ ಖರ್ಚು ತಾಳದು, ಅಲ್ಲಿ ಸಿಲಿಕಾ ಜೆಲ್ ಹಾಕು. ತೂತಿರುವ ಬಾಕ್ಸಿನಲ್ಲಿ ಜೆಲ್ ಬೇಗ ತುಂಬಿಹೋಗುತ್ತದೆ, ಎರಡೂ ಒಟ್ಟಿಗೆ ಬೇಡ. ಕಿತ್ತಳೆ ಬಣ್ಣದಿಂದ ಹಸಿರಿಗೆ ತಿರುಗುವ ಜೆಲ್ ತಗೋ, ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆ.

ಬಾಟಲಿ ಬಾಟಲಿ ನೇಲ್ ಪಾಲಿಶ್, ಗ್ಲೂ ಗನ್ನಿನ ಅಂಟು ಇವೆಲ್ಲ ಒಂದು ಮಳೆಗಾಲದ ಆಟ. ಮೊದಲನೆಯದು ಬಿರುಕು ಬಿಡುತ್ತದೆ, ಎರಡನೆಯದು ಬೋರ್ಡಿನಿಂದ ಕಳಚಿ ಸಂದಿಯಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಬಚ್ಚಲುಮನೆಗೆ ಹಾಕುವ ಸಿಲಿಕೋನಿನ ಟ್ಯೂಬು ಮೂಸಿ ನೋಡು, ವಿನೆಗರ್ ವಾಸನೆ ಬಂದರೆ ಬೋರ್ಡಿಗೆ ಬೇಡ. ಒಣಗುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಅಂತ ಬರೆದದ್ದನ್ನೇ ಕೇಳಿ ತಾ. ನೆನೆದದ್ದನ್ನು ಅಕ್ಕಿ ಡಬ್ಬಿಯಲ್ಲಿ ಹೂಳುವುದೂ ಬಿಡು, ಆ್ಯಪಲ್ ಕಂಪನಿಯವರೇ 2024ರಲ್ಲಿ ಫೋನನ್ನು ಅಕ್ಕಿಯಲ್ಲಿಡಬೇಡಿ ಅಂತ ಹೇಳಿದ್ದಾರೆ. ಬ್ಯಾಟರಿ ಬಿಚ್ಚಿ, ಕೆಸರು ನೀರೋ ಉಪ್ಪು ನೀರೋ ಆದರೆ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಐಪಿಎ ಹೊಯ್ದು, ಬಲ್ಬಿನ ಪೆಟ್ಟಿಗೆಯಲ್ಲಿಡು. ಸ್ಟಾರ್ಟರ್ ಬಾಕ್ಸಾದರೆ ಮೇನ್ ಇಳಿಸದೆ ಮುಚ್ಚಳಕ್ಕೆ ಕೈ ಹಾಕಬೇಡ. ಇಳಿಸಿದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜು ಉಳಿದಿರುತ್ತದೆ, ಒದ್ದೆ ಕಾಲಲ್ಲಿ ನಿಂತವನಿಗೆ ಅದೂ ಸಾಕು.

ಇಷ್ಟೆಲ್ಲ ಮಾಡಲು ಹೊತ್ತೂ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಅದನ್ನು ನಿನ್ನ ಕೈಯಿಂದ ಹಾಕಿಕೊಳ್ಳಬೇಡ. ತೊಳೆದದ್ದು, ಕೋಟಿಂಗು, ವೆಂಟ್ ಪ್ಲಗ್ಗು, ಒಂದೊಂದನ್ನೂ ಬಿಲ್ಲಿನಲ್ಲಿ ಬೇರೆ ಬೇರೆ ಬರಿ. ಮೊದಲ ಮದ್ದು ಹೊಡೆದು ಮುಗಿದ ವಾರ ಒಮ್ಮೆ, ದೀಪಾವಳಿ ಕಳೆದ ಮೇಲೆ ಇನ್ನೊಮ್ಮೆ ಬಂದು ಬಾಕ್ಸು ತೆರೆದು ನೋಡುತ್ತೇನೆ, ಅದಕ್ಕೆ ಇಷ್ಟು ಅಂತ ಮೊದಲೇ ಮಾತಾಡಿಕೋ. ಔಷಧಿ ಹೊಡೆಯುವವರಿಗೆ ಕೂಲಿ ಕೊಡುವಾಗ ಚೌಕಾಸಿ ಮಾಡದ ತೋಟದವರು ಇದಕ್ಕೂ ಕೊಡುತ್ತಾರೆ. ಕೊಡದಿದ್ದವರ ಬಾಕ್ಸಿನ ಒಳಗೆ ಕೂರಿಸಿದ ತಾರೀಕನ್ನು ಬರೆದಿಟ್ಟು ಬಾ, ಜುಲೈನಲ್ಲಿ ಫೋನ್ ಬಂದಾಗ ಮಾತಾಡಲು ಅನುಕೂಲ.